661 ಔಟ್, 786 ಕಳವು: ಇವಾನ್ ರೋಡ್ರಿಗೇಸ್ ಅವರ ಲೆಕ್ಕವೂ ಲೀಗ್ ಸರಾಸರಿಯೂ

ಬೇಸ್‌ಬಾಲ್ ಕ್ಯಾಚರ್ ಇವಾನ್ ರೋಡ್ರಿಗೇಸ್ ಅವರ ವೃತ್ತಿಜೀವನದ ಅಂಕಿಅಂಶಗಳನ್ನು ನೋಡುವಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅವರ ಬ್ಯಾಟಿಂಗ್ ಲೆಕ್ಕದ ಕಡೆಗಲ್ಲ, ಎರಡು ಸಣ್ಣ ಸಂಖ್ಯೆಗಳ ಕಡೆಗೆ. ಅಮೆರಿಕದ ಅಗ್ರ ಬೇಸ್‌ಬಾಲ್ ಸ್ಪರ್ಧೆಯಾದ ಮೇಜರ್ ಲೀಗ್‌ನಲ್ಲಿ 1991ರಿಂದ 2011ರವರೆಗೆ ಆಡಿದ 21 ಋತುಗಳಲ್ಲಿ ಅವರ ಎದುರು ಓಟಗಾರರು 786 ಬಾರಿ ಬೇಸ್ ಕದ್ದರು; 661 ಬಾರಿ ಕದಿಯಲು ಹೋಗಿ ಔಟ್ ಆದರು. ಒಟ್ಟು 1447 ಯತ್ನಗಳಲ್ಲಿ 661 ಎಂದರೆ ಸುಮಾರು ಶೇ 46. ಅದೇ ವರ್ಷಗಳಲ್ಲಿ ಉಳಿದ ಕ್ಯಾಚರ್‌ಗಳ ಎದುರು ನಡೆದ ಯತ್ನಗಳನ್ನು ಲೆಕ್ಕ ಹಾಕಿದರೆ ಸಿಗುವ ಲೀಗ್ ಸರಾಸರಿ ಸುಮಾರು ಶೇ 31. ಈ ಹದಿನೈದು ಅಂಶಗಳ ಅಂತರ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಬಹಳ ದಿನಗಳಿಂದ ನೋಟ್‌ಬುಕ್ಕಿನಲ್ಲಿ ಗೀಚುತ್ತಾ ಬಂದಿದ್ದೇನೆ. ಇಂದು ಅದನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ಆಟದ ಪರಿಚಯ ಕಡಿಮೆ ಇರುವವರಿಗಾಗಿ ಒಂದೆರಡು ಮಾತು. ಬ್ಯಾಟರ್‌ನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಪಿಚರ್ ಎಸೆದ ಚೆಂಡನ್ನು ಹಿಡಿಯುವವನು ಕ್ಯಾಚರ್. ಕ್ರಿಕೆಟ್‌ನ ವಿಕೆಟ್ ಕೀಪರನ ಜಾಗ ಅದು. ಮೂರು ಬೇಸ್‌ಗಳನ್ನು ಒಂದೊಂದಾಗಿ ಮುಟ್ಟಿ, ಬ್ಯಾಟ್ ಮಾಡಿದ ಜಾಗಕ್ಕೆ ಮರಳಿದರೆ ಒಂದು ರನ್. ಮೊದಲ ಬೇಸಿನಲ್ಲಿ ನಿಂತಿರುವ ಎದುರಾಳಿ ಓಟಗಾರನು ಪಿಚರ್ ಚೆಂಡನ್ನು ಎಸೆಯಲು ತೊಡಗಿದ ಕ್ಷಣದಲ್ಲೇ ಎರಡನೇ ಬೇಸಿನತ್ತ ಓಡಬಹುದು. ಬ್ಯಾಟರ್ ಚೆಂಡನ್ನು ಹೊಡೆಯದೆಯೇ, ಯಾರೂ ತಪ್ಪು ಮಾಡದೆಯೇ ಅವನು ಸುರಕ್ಷಿತವಾಗಿ ಅಲ್ಲಿಗೆ ತಲುಪಿದರೆ ಅದು ಬೇಸ್ ಕಳವು. ಕ್ಯಾಚರ್ ಚೆಂಡನ್ನು ಹಿಡಿದು, ಎದ್ದು, ಎರಡನೇ ಬೇಸಿಗೆ ಎಸೆದು, ಅಲ್ಲಿ ಕಾಯುತ್ತಿರುವ ಆಟಗಾರನು ಓಟಗಾರನನ್ನು ಮುಟ್ಟಿದರೆ ಔಟ್.

ಇದಿಷ್ಟೂ ನಡೆಯುವುದು ಮೂರೂಕಾಲು ಸೆಕೆಂಡಿನ ಆಸುಪಾಸಿನಲ್ಲಿ. ಬೇಸ್‌ಗಳ ನಡುವಿನ ದೂರ 90 ಅಡಿ, ಆದರೆ ಓಟಗಾರ ಮೊದಲೇ ಕೆಲವು ಹೆಜ್ಜೆ ಮುಂದೆ ಸರಿದು ನಿಂತಿರುತ್ತಾನೆ. ಪಿಚರ್ ಕಾಲೆತ್ತಿದಾಗಿನಿಂದ ಚೆಂಡು ಕ್ಯಾಚರ್‌ನ ಕೈಗವಸಿಗೆ ಬಂದು ಬೀಳುವವರೆಗೆ ಸುಮಾರು 1.3 ಸೆಕೆಂಡು. ಚೆಂಡು ಕೈಗವಸಿಗೆ ಬಿದ್ದ ಸದ್ದಿನಿಂದ ಎರಡನೇ ಬೇಸಿನಲ್ಲಿರುವವನ ಕೈಗವಸಿನ ಸದ್ದಿನವರೆಗಿನ ಸಮಯಕ್ಕೆ ಪಾಪ್ ಟೈಮ್ ಎನ್ನುತ್ತಾರೆ. ಮೇಜರ್ ಲೀಗ್‌ನಲ್ಲಿ ಅದು ಸರಾಸರಿ 2 ಸೆಕೆಂಡು, 1.9ಕ್ಕೆ ಇಳಿಸಬಲ್ಲವರನ್ನು ಅತ್ಯುತ್ತಮರ ಸಾಲಿಗೆ ಸೇರಿಸುತ್ತಾರೆ. ಬ್ಯಾಟರ್ ನಿಲ್ಲುವ ಜಾಗದಲ್ಲಿರುವ ಹೋಂ ಪ್ಲೇಟಿನಿಂದ ಎರಡನೇ ಬೇಸಿಗೆ 127 ಅಡಿ 3 ಅಂಗುಲಕ್ಕಿಂತ ತುಸು ಹೆಚ್ಚು ದೂರ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಅಷ್ಟೇನೂ ದೊಡ್ಡದಲ್ಲ ಎನಿಸಬಹುದು, ಆದರೆ ಮೇಜರ್ ಲೀಗ್‌ನ ಸಾಮಾನ್ಯ ಓಟಗಾರ ಪೂರ್ಣ ವೇಗದಲ್ಲಿ ಸೆಕೆಂಡಿಗೆ ಸುಮಾರು 27 ಅಡಿ ಓಡುತ್ತಾನಾದ್ದರಿಂದ ಆ ಹತ್ತನೇ ಒಂದು ಭಾಗದಲ್ಲಿ ಅವನು ಎರಡೂಮುಕ್ಕಾಲು ಅಡಿ ಮುಂದೆ ಬಂದಿರುತ್ತಾನೆ. ಮಣ್ಣಿನಲ್ಲಿ ಜಾರಿ ಬರುವ ಓಟಗಾರನ ಪಾದ ಬೇಸನ್ನು ಮುಟ್ಟಿದೆಯೇ, ಇನ್ನೂ ಒಂದು ಗೇಣು ದೂರವಿದೆಯೇ ಎಂಬ ತೀರ್ಪು ನಿಂತಿರುವುದು ಇಂತಹ ಅಳತೆಗಳ ಮೇಲೆ.

ರೋಡ್ರಿಗೇಸ್ ಎಸೆಯುವ ದೃಶ್ಯವನ್ನು ಹಳೆಯ ವಿಡಿಯೊಗಳಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಅವರ ತೋಳಿನ ಬಲವನ್ನು ಎಲ್ಲರೂ ಹೊಗಳುತ್ತಾರೆ, ಅದು ಸರಿಯೇ. ನನ್ನ ಗಮನ ಸೆಳೆದದ್ದು ಮಾತ್ರ ಅವರ ಪಾದಗಳು. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಬಲಪಾದ ಸ್ವಲ್ಪ ಮುಂದಕ್ಕೆ ಹೊರಳುತ್ತದೆ, ಕೈಗವಸು ಚೆಂಡನ್ನು ಹಿಡಿದು ನಿಲ್ಲುವುದಿಲ್ಲ, ಹಿಡಿದ ಓಘದಲ್ಲೇ ಬಲಕಿವಿಯ ಬಳಿಗೆ ಬರುತ್ತದೆ, ಬಲಗೈ ಅಲ್ಲಿ ಮೊದಲೇ ಕಾದಿರುತ್ತದೆ. ಪೂರ್ತಿ ಎದ್ದು ನಿಲ್ಲುವ ಮೊದಲೇ ಚೆಂಡು ಕೈಬಿಟ್ಟಿರುತ್ತದೆ. ಅದು ಹೋಗಿ ಬೀಳುವುದು ಬೇಸಿನ ಮೊದಲ ಬೇಸ್ ಕಡೆಯ ಅಂಚಿಗೆ, ಮೊಣಕಾಲಿನೆತ್ತರಕ್ಕೆ. ಅಲ್ಲಿರುವವನು ಕೈಗವಸನ್ನು ಆಡಿಸಬೇಕಾಗಿಯೇ ಇಲ್ಲ, ಓಟಗಾರ ತಾನಾಗಿ ಬಂದು ಅದಕ್ಕೆ ತಗಲುತ್ತಾನೆ.

ಇನ್ನು ಲೆಕ್ಕಕ್ಕೆ ಬರೋಣ. ಆ 1447 ಯತ್ನಗಳೂ ಸರಾಸರಿ ಕ್ಯಾಚರ್ ಒಬ್ಬನ ಎದುರು ನಡೆದಿದ್ದರೆ ಶೇ 31ರಂತೆ ಸುಮಾರು 449 ಔಟ್‌ಗಳು ಆಗಬೇಕಿತ್ತು. ಆದದ್ದು 661. ಎಂದರೆ 212 ಔಟ್‌ಗಳು ಹೆಚ್ಚುವರಿ. ಹಾಗೆ ಔಟ್ ಆದ ಪ್ರತಿಯೊಬ್ಬನೂ ಇಲ್ಲವಾದರೆ ಎರಡನೇ ಬೇಸಿನಲ್ಲಿ ನಿಂತು ಮುಂದಿನ ಒಂದು ಹೊಡೆತಕ್ಕೆ ರನ್ ಗಳಿಸುವ ಸ್ಥಿತಿಯಲ್ಲಿರುತ್ತಿದ್ದ. ಆಟದ ಗಣಿತವನ್ನು ಬಲ್ಲವರು ಒಂದು ಯಶಸ್ವಿ ಕಳವಿಗೆ ಸುಮಾರು 0.2 ರನ್ ಲಾಭ ಎಂದೂ ಒಂದು ವಿಫಲ ಯತ್ನಕ್ಕೆ ಸುಮಾರು 0.4 ರನ್ ನಷ್ಟ ಎಂದೂ ಎಣಿಸುತ್ತಾರೆ. ನಷ್ಟ ದುಪ್ಪಟ್ಟು ಏಕೆಂದರೆ ಓಟಗಾರನೂ ಹೋಗುತ್ತಾನೆ, ತಂಡದ ಬಳಿ ಇರುವ ಮೂರು ಔಟ್‌ಗಳಲ್ಲಿ ಒಂದೂ ಹೋಗುತ್ತದೆ. ಕಳವೊಂದು ಔಟ್ ಆಗಿ ಬದಲಾದರೆ ವ್ಯತ್ಯಾಸ 0.6 ರನ್. 212ನ್ನು ಅದರಿಂದ ಗುಣಿಸಿದರೆ 127 ರನ್. ಸುಮಾರು ಹತ್ತು ರನ್‌ಗೆ ಒಂದು ಗೆಲುವು ಎಂಬ ವಾಡಿಕೆಯ ಎಣಿಕೆಯಂತೆ, ಎರಡು ದಶಕಗಳಲ್ಲಿ ಕೇವಲ ಎರಡನೇ ಬೇಸಿನತ್ತ ಎಸೆದು ಅವರು ತಮ್ಮ ತಂಡಗಳಿಗೆ ಹನ್ನೆರಡಕ್ಕೂ ಹೆಚ್ಚು ಗೆಲುವುಗಳನ್ನು ತಂದುಕೊಟ್ಟಂತಾಯಿತು.

ಇದು ಅದೃಷ್ಟವೇ ಎಂದು ಕೇಳುವವರಿಗೂ ಉತ್ತರವಿದೆ. 2001ರ ಋತುವಿನಲ್ಲಿ ರೋಡ್ರಿಗೇಸ್ 58 ಯತ್ನಗಳಲ್ಲಿ 35 ಮಂದಿಯನ್ನು ಔಟ್ ಮಾಡಿದರು, ಶೇ 60.3. ಬೆರಗುಗೊಳಿಸುವ ಸಂಖ್ಯೆ, ಆದರೆ 58 ಎಂಬುದು ಸಣ್ಣ ಮೊತ್ತ. ಅಷ್ಟೇ ಯತ್ನಗಳಲ್ಲಿ ಶೇ 31ರ ಸಾಮರ್ಥ್ಯದ ಕ್ಯಾಚರ್ ಒಬ್ಬ ಬರೀ ಆಕಸ್ಮಿಕದಿಂದಲೇ ಶೇ 19ಕ್ಕೆ ಇಳಿಯಬಹುದು, ಶೇ 43ಕ್ಕೆ ಏರಲೂಬಹುದು. ಹಾಗಾಗಿ ಒಂದು ಋತುವಿನ ಶೇಕಡಾವಾರನ್ನು ಹಿಡಿದುಕೊಂಡು ಇಬ್ಬರು ಕ್ಯಾಚರ್‌ಗಳನ್ನು ಅಳೆಯುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಯತ್ನಗಳು 1447 ಆದಾಗ ಆಕಸ್ಮಿಕದ ಆಟ ಸರಾಸರಿಯ ಆಚೀಚೆ ಎರಡೂವರೆ ಅಂಶಗಳಷ್ಟಕ್ಕೆ ಕುಗ್ಗುತ್ತದೆ. ಅಲ್ಲಿ ಹದಿನೈದು ಅಂಶಗಳ ಅಂತರ ಅದೃಷ್ಟದಿಂದ ಬರಲಾರದು.

ಆದರೂ ಆ 661 ಔಟ್‌ಗಳೆಲ್ಲ ಒಬ್ಬರದೇ ದುಡಿಮೆ ಎನ್ನಲಾಗದು. ಮೂರೂಕಾಲು ಸೆಕೆಂಡಿನಲ್ಲಿ ಮೊದಲ 1.3 ಸೆಕೆಂಡು ಪಿಚರ್‌ನದು. ಅವನು ಕಾಲನ್ನು ಎತ್ತರಕ್ಕೆ ಎತ್ತಿ ನಿಧಾನವಾಗಿ ಎಸೆದರೆ ಕ್ಯಾಚರ್‌ಗೆ ಚೆಂಡು ಸಿಗುವಷ್ಟರಲ್ಲೇ ಕಳವು ಮುಗಿದಿರುತ್ತದೆ. ಟೆಕ್ಸಸ್ ರೇಂಜರ್ಸ್‌ನಲ್ಲೂ ಬಳಿಕ ಡೆಟ್ರಾಯಿಟ್‌ನಲ್ಲೂ ರೋಡ್ರಿಗೇಸ್ ಅವರೊಂದಿಗೆ ಆಡಿದ ಎಡಗೈ ಪಿಚರ್ ಕೆನ್ನಿ ರಾಜರ್ಸ್, ಮೊದಲ ಬೇಸಿನಲ್ಲಿ ಓಟಗಾರರನ್ನು ಕಟ್ಟಿಹಾಕುವುದರಲ್ಲಿ ಆ ಕಾಲದ ನಿಪುಣರಲ್ಲೊಬ್ಬರು. ಎಡಗೈ ಪಿಚರ್ ಎಸೆಯಲು ನಿಂತಾಗ ಅವನ ಮುಖ ಮೊದಲ ಬೇಸಿನ ಕಡೆಗೇ ಇರುತ್ತದೆ, ಚೆಂಡು ಎತ್ತ ಹೋಗುವುದೆಂದು ಓಟಗಾರನಿಗೆ ಕೊನೆಯ ಗಳಿಗೆಯವರೆಗೆ ತಿಳಿಯುವುದಿಲ್ಲ. ಅಲ್ಲದೆ ಪಿಚರ್ ಮೊದಲ ಬೇಸಿಗೆ ಎಸೆದಾಗ ದಾರಿಗಾಣದೆ ಎರಡನೇ ಬೇಸಿನತ್ತ ಓಡಿ ಸಿಕ್ಕಿಬಿದ್ದವನೂ ಕದಿಯಲು ಹೋಗಿ ಔಟ್ ಆದವನೆಂದೇ ದಾಖಲಾಗುತ್ತಾನೆ, ವಾಡಿಕೆಯ ಪಟ್ಟಿಗಳಲ್ಲಿ ಆ ಔಟ್ ಚೆಂಡನ್ನು ಮುಟ್ಟಿಯೂ ಇರದ ಕ್ಯಾಚರ್‌ನ ಖಾತೆಗೂ ಸೇರುತ್ತದೆ. ಇದಕ್ಕೆ ಪ್ರತಿಯಾಗಿ, ಕುಳಿತಲ್ಲಿಂದಲೇ ಮೊದಲ ಬೇಸಿಗೆ ಚೆಂಡೆಸೆದು ಮೈಮರೆತ ಓಟಗಾರನನ್ನು ಔಟ್ ಮಾಡುವುದು ರೋಡ್ರಿಗೇಸ್ ಅವರಿಗೆ ಬಹಳ ಪ್ರಿಯವಾದ ವಿದ್ಯೆಯಾಗಿತ್ತು. ಓಟಗಾರ ಮೊದಲ ಬೇಸಿಗೆ ಮರಳುವಾಗ ಔಟ್ ಆದರೆ ಅದು ಈ 661ರಲ್ಲಿ ಸೇರುವುದೇ ಇಲ್ಲ. ಎರಡೂ ಕಡೆ ಕೂಡಿ ಕಳೆದು ನೋಡಿದರೆ ಹದಿನೈದು ಅಂಶಗಳಲ್ಲಿ ದೊಡ್ಡ ಪಾಲು ಅವರದೇ ಎಂಬುದು ನನ್ನ ತೀರ್ಮಾನ. ಕಾರಣ ಸರಳ: ಅವರು ರೇಂಜರ್ಸ್ ಬಿಟ್ಟು ಫ್ಲೋರಿಡಾ, ಡೆಟ್ರಾಯಿಟ್ ಮುಂತಾದ ಕಡೆ ಆಡಿದರು, ಪಿಚರ್‌ಗಳು ಬದಲಾಗುತ್ತಲೇ ಇದ್ದರು, ಸರಾಸರಿಯನ್ನು ಮೀರುವ ಗುಣ ಮಾತ್ರ ಅವರ ಬೆನ್ನಿಗೇ ಬಂತು.

ಶೇಕಡಾವಾರು ಹೇಳದೆ ಬಿಡುವ ಇನ್ನೊಂದು ಸಂಗತಿ ನನಗೆ ಸ್ಪಷ್ಟವಾದದ್ದು ರೋಡ್ರಿಗೇಸ್ ಅವರ ಪಕ್ಕದಲ್ಲಿ ಇನ್ನೊಬ್ಬ ಕ್ಯಾಚರ್ ಮೈಕ್ ಪಿಯಾಝಾ ಅವರನ್ನಿಟ್ಟು ನೋಡಿದಾಗ. ಇಬ್ಬರೂ ಹೆಚ್ಚು ಕಡಿಮೆ ಒಂದೇ ಕಾಲದವರು, ಇಬ್ಬರೂ ಹಾಲ್ ಆಫ್ ಫೇಮ್ ಸೇರಿದವರು, ಒಬ್ಬರು 2017ರಲ್ಲಿ, ಇನ್ನೊಬ್ಬರು 2016ರಲ್ಲಿ. ಪಿಯಾಝಾ ಅವರ ಎದುರು 1400 ಕಳವುಗಳು ನಡೆದವು, 423 ಮಂದಿ ಔಟ್ ಆದರು, ಶೇ 23. ಅವರಿಗೂ ಅನ್ವಯವಾಗುವ ಲೀಗ್ ಸರಾಸರಿ ಶೇ 31ರ ಆಸುಪಾಸಿನದೇ. ಸರಾಸರಿ ಕ್ಯಾಚರ್ ಔಟ್ ಮಾಡಬಹುದಾಗಿದ್ದವರಿಗಿಂತ ಸುಮಾರು 142 ಮಂದಿ ಕಡಿಮೆ. ಶೇಕಡಾವಾರನ್ನಷ್ಟೇ ನೋಡಿದರೆ ಒಬ್ಬರು ಹದಿನೈದು ಅಂಶ ಮೇಲೆ, ಇನ್ನೊಬ್ಬರು ಎಂಟು ಅಂಶ ಕೆಳಗೆ, ಅಲ್ಲಿಗೆ ಮುಗಿಯಿತು ಎನಿಸುತ್ತದೆ. ಈಗ ಯತ್ನಗಳನ್ನು ಪಂದ್ಯಗಳಿಂದ ಭಾಗಿಸಿ ನೋಡಿ. ರೋಡ್ರಿಗೇಸ್ ಕ್ಯಾಚರ್ ಆಗಿ ಆಡಿದ್ದು 2427 ಪಂದ್ಯ, ಅದು ಮೇಜರ್ ಲೀಗ್ ದಾಖಲೆ, ಪಂದ್ಯವೊಂದಕ್ಕೆ 0.60 ಯತ್ನ. ಪಿಯಾಝಾ ಆಡಿದ್ದು 1630 ಪಂದ್ಯ, ಪಂದ್ಯವೊಂದಕ್ಕೆ 1.12 ಯತ್ನ. ಸುಮಾರು 800 ಪಂದ್ಯಗಳನ್ನು ಕಡಿಮೆ ಆಡಿಯೂ ಪಿಯಾಝಾ 376 ಯತ್ನಗಳನ್ನು ಹೆಚ್ಚು ಎದುರಿಸಿದರು.

ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ರೋಡ್ರಿಗೇಸ್ ಹೆಚ್ಚಾಗಿ ಆಡಿದ್ದು ಅಮೆರಿಕನ್ ಲೀಗ್‌ನಲ್ಲಿ, ಪಿಯಾಝಾ ಹೆಚ್ಚಾಗಿ ಆಡಿದ್ದು ನ್ಯಾಷನಲ್ ಲೀಗ್‌ನಲ್ಲಿ, ಅವರ ಪಿಚರ್‌ಗಳೂ ಬೇರೆ ಎಂಬುದನ್ನು ಮರೆಯಬಾರದು. ಬ್ಯಾಟರ್‌ಗೆ ಬೆನ್ನು ತೋರುವಷ್ಟು ತಿರುಗಿ ಎಸೆಯುತ್ತಿದ್ದ ಹಿದಿಯೊ ನೊಮೊ ಅವರಂತಹ ಪಿಚರ್ ಎದುರಿಗಿದ್ದಾಗ ಯಾವ ಓಟಗಾರನೂ ಸುಮ್ಮನೆ ನಿಲ್ಲುವವನಲ್ಲ. ಪಿಯಾಝಾ ಅವರ ಪಾಲಿಗೆ ನ್ಯಾಯವಾಗಿ ಇನ್ನೊಂದು ಮಾತು ಸೇರಿಸಬೇಕು: ಕ್ಯಾಚರ್ ಆಗಿ 396 ಹೋಂ ರನ್ ಹೊಡೆದ ದಾಖಲೆ ಅವರದು, ಆ ಬ್ಯಾಟಿನ ಮುಂದೆ ಈ ನಷ್ಟ ಚಿಕ್ಕದು. ಇಷ್ಟನ್ನೆಲ್ಲ ಒಪ್ಪಿಕೊಂಡ ಮೇಲೂ 0.60ಕ್ಕೂ 1.12ಕ್ಕೂ ನಡುವಿನ ಅಂತರ ಬಹಳ ದೊಡ್ಡದು, ಮತ್ತು ಅದು ಶೇಕಡಾವಾರಿನ ಅರ್ಥವನ್ನೇ ಬದಲಿಸುತ್ತದೆ. ರೋಡ್ರಿಗೇಸ್ ಎದುರು ನಿಧಾನಗತಿಯ ಓಟಗಾರರು ಬೇಸಿನಿಂದ ಕದಲುತ್ತಲೇ ಇರಲಿಲ್ಲ. ಓಡಿದವರು ಹೆಚ್ಚಾಗಿ ಚುರುಕು ಕಾಲಿನವರು. ಪಿಯಾಝಾ ಎದುರು ಸಾಧಾರಣ ಓಟಗಾರರೂ ಧೈರ್ಯ ಮಾಡುತ್ತಿದ್ದರು. ಹಾಗಾದರೆ ಶೇ 46 ಎಂಬುದು ಕಠಿಣ ಪರೀಕ್ಷೆಯಲ್ಲಿ ಬಂದ ಅಂಕ, ಶೇ 23 ಸುಲಭ ಪರೀಕ್ಷೆಯಲ್ಲಿ ಬಂದದ್ದು. ಒಂದೇ ಬಗೆಯ ಓಟಗಾರರು ಇಬ್ಬರ ಎದುರೂ ಓಡಿದ್ದರೆ ಅವರ ನಡುವಿನ ಅಂತರ ಇನ್ನೂ ಹಿಗ್ಗುತ್ತಿತ್ತು ಎಂದೇ ನನ್ನ ನಂಬಿಕೆ.

ಇಲ್ಲಿಗೆ ನನ್ನ ಲೆಕ್ಕ ನಿಂತಿದ್ದರೆ ಅದು ಎದುರಾಳಿಗಳ ಮನಸ್ಸಿನಲ್ಲಿ ಹುಟ್ಟಿಸಿದ ಹೆದರಿಕೆಯ ಕಥೆಯಾಗುತ್ತಿತ್ತು. ಆದರೆ ಲಾಭನಷ್ಟವನ್ನು ಓಟಗಾರರ ಕಡೆಯಿಂದ ಕೂಡಿಸಿದಾಗ ನಾನು ಎಣಿಸಿರದ ಉತ್ತರ ಬಂತು. ರೋಡ್ರಿಗೇಸ್ ಎದುರಿನ 786 ಕಳವುಗಳಿಂದ ಎದುರಾಳಿಗಳಿಗೆ ಸಿಕ್ಕಿದ್ದು ಸುಮಾರು 157 ರನ್‌ನ ಲಾಭ, 661 ಔಟ್‌ಗಳಿಂದ ಆದದ್ದು ಸುಮಾರು 264 ರನ್‌ನ ನಷ್ಟ. ಒಟ್ಟಿನಲ್ಲಿ ಅವರು 107 ರನ್ ಕಳೆದುಕೊಂಡರು. ಪಿಯಾಝಾ ಎದುರು ಲಾಭ 280, ನಷ್ಟ 169. ಎದುರಾಳಿಗಳು 111 ರನ್ ಗಳಿಸಿಕೊಂಡರು. ಕದಿಯುವುದು ಲಾಭದಾಯಕವಾಗಬೇಕಾದರೆ ಮೂರರಲ್ಲಿ ಎರಡು ಬಾರಿಗಿಂತ ಹೆಚ್ಚು ಗೆಲ್ಲಬೇಕು. ರೋಡ್ರಿಗೇಸ್ ಎದುರು ಅವರು ಗೆದ್ದದ್ದು ಎರಡರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಶೇ 54. ಎಂದರೆ ಓಡದೆ ನಿಂತ ಓಟಗಾರ ತನ್ನ ತಂಡಕ್ಕೆ ಉಪಕಾರವನ್ನೇ ಮಾಡುತ್ತಿದ್ದ. ಇಷ್ಟು ವರ್ಷ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅವರ ಎದುರು ಓಡಿದವರು ಅಷ್ಟು ಕಡಿಮೆ ಏಕೆ ಎಂಬುದು. ಕೇಳಬೇಕಾಗಿದ್ದು, 1447 ಬಾರಿ ಓಡಿದ್ದಾದರೂ ಏಕೆ ಎಂಬ ಪ್ರಶ್ನೆ.

ಇದಕ್ಕೆ ಉತ್ತರದ ಒಂದು ಭಾಗ ದಾಖಲಾತಿಯ ಕ್ರಮದಲ್ಲಿದೆ. ಓಟಗಾರ ಓಡಬೇಕು, ಬ್ಯಾಟರ್ ಹೇಗಾದರೂ ಚೆಂಡನ್ನು ಹೊಡೆಯಬೇಕು ಎಂದು ಮೊದಲೇ ಸನ್ನೆಯಾಗಿರುವ ಆಟದಲ್ಲಿ ಬ್ಯಾಟರ್ ಚೆಂಡನ್ನು ತಪ್ಪಿಸಿಕೊಂಡರೆ, ಕದಿಯುವ ಉದ್ದೇಶವೇ ಇಲ್ಲದ ನಿಧಾನದ ಓಟಗಾರ ದಾರಿಯ ನಡುವೆ ಸಿಕ್ಕಿಬೀಳುತ್ತಾನೆ, ಅದೂ ಕಳವಿನ ವಿಫಲ ಯತ್ನವೆಂದೇ ಬರೆಯಲ್ಪಡುತ್ತದೆ. ಇನ್ನೊಂದು ಭಾಗ ಪಂದ್ಯದ ಸಂದರ್ಭದಲ್ಲಿದೆ. ಒಂಬತ್ತನೇ ಇನ್ನಿಂಗ್ಸ್, ಒಂದೇ ರನ್ ಬೇಕು, ಇಬ್ಬರು ಔಟ್ ಆಗಿದ್ದಾರೆ, ಬ್ಯಾಟರ್ ದುರ್ಬಲ ಎಂದಾದರೆ ಸರಾಸರಿಯ ಲೆಕ್ಕ ಹಿಂದೆ ಸರಿದು ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದೇ ಸರಿಯಾದ ದಾರಿಯಾಗುತ್ತದೆ. ಹಾಗೆಂದು 107 ರನ್‌ನ ನಷ್ಟವನ್ನೆಲ್ಲ ಈ ಎರಡು ಕಾರಣಗಳ ತಲೆಗೆ ಕಟ್ಟಲಾಗದು. ಆ ಕಾಲದ ತಂಡಗಳು ಕಳವಿನ ಬೆಲೆಯನ್ನು ಸರಿಯಾಗಿ ಅಳೆದಿರಲಿಲ್ಲ ಎಂಬುದೂ ನಿಜ. ಶೇ 31 ಬಾರಿ ಔಟ್ ಆಗುವ ಲೀಗ್ ಎಂದರೆ ಇಡೀ ಲೀಗ್ ಲಾಭನಷ್ಟದ ಗೆರೆಯ ಮೇಲೇ ತೂಗಾಡುತ್ತಿತ್ತು ಎಂದರ್ಥ.

ಲೀಗ್ ಸರಾಸರಿ ಎಂಬುದೂ ನಿಂತ ನೀರಲ್ಲ. ರೋಡ್ರಿಗೇಸ್ ಬಂದಾಗ ಮೂರರಲ್ಲಿ ಒಬ್ಬ ಓಟಗಾರ ಔಟ್ ಆಗುತ್ತಿದ್ದ, ಅವರು ಹೋಗುವ ಹೊತ್ತಿಗೆ ಅದು ಶೇ 28ಕ್ಕೆ ಇಳಿದಿತ್ತು. ಹಿಂದೆ ಹೋದಂತೆ ಸರಾಸರಿ ಏರುತ್ತದೆ. ವೃತ್ತಿಜೀವನದ ಶೇಕಡಾವಾರಿನಲ್ಲಿ ಎಲ್ಲರಿಗಿಂತ ಮೇಲಿರುವವರು 1948ರಿಂದ 1957ರವರೆಗೆ ಬ್ರೂಕ್ಲಿನ್ ಡಾಜರ್ಸ್‌ಗೆ ಆಡಿದ ರಾಯ್ ಕ್ಯಾಂಪನೆಲಾ, ಶೇ 57. ಆದರೆ ಆ ದಿನಗಳಲ್ಲಿ ಸರಾಸರಿಯೇ ಶೇ 40ರ ಮೇಲಿತ್ತು. 1970ರ ದಶಕದ ಜಾನಿ ಬೆಂಚ್ ಅವರದು ಶೇ 43, ಅವರ ಕಾಲದ ಸರಾಸರಿ ಶೇ 35. ಈಚಿನವರಾದ ಯಾಡಿಯರ್ ಮೊಲಿನಾ ಅವರದು ಶೇ 40, ಸರಾಸರಿ ಸುಮಾರು ಶೇ 28. ಬರಿಯ ಶೇಕಡಾವಾರಿನಲ್ಲಿ ಬೆಂಚ್ ಮೊಲಿನಾ ಅವರಿಗಿಂತ ಮುಂದೆ. ತಮ್ಮ ತಮ್ಮ ಕಾಲದೊಂದಿಗೆ ಹೋಲಿಸಿದರೆ ಮೊಲಿನಾ ಸ್ಪಷ್ಟವಾಗಿ ಮುಂದೆ, ರೋಡ್ರಿಗೇಸ್ ಅವರ ಹತ್ತಿರಕ್ಕೆ ಬಂದು ನಿಲ್ಲುತ್ತಾರೆ. ಹೀಗಿರುವಾಗ ಸರಾಸರಿಯನ್ನು ಪಕ್ಕದಲ್ಲಿಡದೆ ಎರಡು ಪೀಳಿಗೆಯ ಕ್ಯಾಚರ್‌ಗಳನ್ನು ಒಂದೇ ಪಟ್ಟಿಯಲ್ಲಿ ಜೋಡಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

2023ರಲ್ಲಿ ನಿಯಮಗಳೇ ಬದಲಾದವು. ಬೇಸ್‌ಗಳ ಅಗಲ 15 ಅಂಗುಲದಿಂದ 18 ಅಂಗುಲಕ್ಕೆ ಏರಿ ಮೊದಲ ಮತ್ತು ಎರಡನೇ ಬೇಸ್‌ಗಳ ನಡುವಿನ ದೂರ ನಾಲ್ಕೂವರೆ ಅಂಗುಲ ತಗ್ಗಿತು, ಪಿಚರ್‌ಗೆ ಗಡಿಯಾರದ ಗಡುವು ಬಂತು, ಓಟಗಾರನನ್ನು ಹಿಡಿದಿಡಲು ಮೊದಲ ಬೇಸಿಗೆ ಎಸೆಯುವುದಕ್ಕೆ ಮಿತಿ ಬಿತ್ತು. 2022ರಲ್ಲಿ 2486 ಇದ್ದ ಕಳವುಗಳು 2023ರಲ್ಲಿ 3503ಕ್ಕೆ ಜಿಗಿದವು, ಯಶಸ್ಸಿನ ಪ್ರಮಾಣ ಶೇ 80 ದಾಟಿತು. ಸರಾಸರಿ ಕ್ಯಾಚರ್ ಈಗ ಐವರಲ್ಲಿ ಒಬ್ಬನನ್ನಷ್ಟೇ ಔಟ್ ಮಾಡುತ್ತಾನೆ. ರೋಡ್ರಿಗೇಸ್ ತಮ್ಮ ಕಾಲದ ಸರಾಸರಿಯ ಒಂದೂವರೆಪಟ್ಟಿನ ಹತ್ತಿರ ಇದ್ದರು. ಇಂದಿನ ಲೀಗ್‌ನಲ್ಲಿ ಅದೇ ಸಾಧನೆಯನ್ನು ಮಾಡುವವನ ಅಂಕ ಶೇ 30ರ ಆಸುಪಾಸಿನಲ್ಲಿ ಕಾಣುತ್ತದೆ. ಅದನ್ನು ನೋಡಿ ಸಾಧಾರಣ ಎಂದು ಪುಟ ತಿರುಗಿಸಿದರೆ ಒಬ್ಬ ಶ್ರೇಷ್ಠ ಕ್ಯಾಚರ್ ನಮ್ಮ ಕಣ್ಣ ಮುಂದೆಯೇ ಕಾಣದೆ ಹೋಗುತ್ತಾನೆ.

ನನ್ನ ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ಕ್ಯಾಚರ್‌ನ ಹೆಸರಿನ ಮುಂದೆ ಮೂರು ಅಂಕಣಗಳಿವೆ: ಅವರ ಶೇಕಡಾವಾರು, ಅವರ ಕಾಲದ ಸರಾಸರಿ, ಪಂದ್ಯವೊಂದಕ್ಕೆ ಎದುರಿಸಿದ ಯತ್ನಗಳು. ಮೂರನೆಯದನ್ನು ಸೇರಿಸಿದ್ದು ಪಿಯಾಝಾ ಅವರ ಲೆಕ್ಕ ಮಾಡಿದ ದಿನ. ರೋಡ್ರಿಗೇಸ್ ಮೇಜರ್ ಲೀಗ್‌ಗೆ ಕಾಲಿಟ್ಟದ್ದು 1991ರ ಜೂನ್ 20ರಂದು, ಶಿಕಾಗೊ ವೈಟ್ ಸಾಕ್ಸ್ ವಿರುದ್ಧ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಅಂದು ಇಬ್ಬರು ಓಟಗಾರರು ಈ ಹೊಸ ಹುಡುಗನ ತೋಳನ್ನು ಪರೀಕ್ಷಿಸಲು ಹೋಗಿ ಎರಡನೇ ಬೇಸಿನ ಮಣ್ಣಿನಿಂದ ಎದ್ದು, ಬಟ್ಟೆ ಕೊಡವಿಕೊಂಡು, ಡಗೌಟ್‌ಗೆ ಹಿಂದಿರುಗಿದರು. 661ರಲ್ಲಿ ಮೊದಲ ಎರಡು ಅವು.